ಹದ್ದಿನ ಹೆಸರು ಹೊತ್ತವರು: ರೋಮ್‌ನ ಅಕ್ವಿಲಾದಿಂದ ಹಳೇಬೀಡಿನ ಗರುಡರವರೆಗೆ

ಕಥೆ ಶುರು ಮಾಡೋಕೆ ಮುಂಚೆ ಒಂದು ಚಿಕ್ಕ ಕೆಲಸ ಕೊಡ್ತೀನಿ. ಕೈಯಲ್ಲಿರೋ ಫೋನ್‌ನಲ್ಲೇ ಕಾಂಟ್ಯಾಕ್ಟ್ಸ್ ಓಪನ್ ಮಾಡಿ, ಸರ್ಚ್‌ನಲ್ಲಿ 'ನಾಗ' ಅಂತ ಟೈಪ್ ಮಾಡಿ. ನಾಗರಾಜ, ನಾಗೇಶ, ನಾಗರತ್ನ, ನಾಗವೇಣಿ, ನಾಗಭೂಷಣ ಹೀಗೆ ಸಾಲು ಸಾಲಾಗಿ ಬರುತ್ತೆ. ಈಗ ಅದನ್ನ ಅಳಿಸಿ 'ಗರುಡ' ಅಂತ ಟೈಪ್ ಮಾಡಿ. ಬಹುಪಾಲು ಜನರ ಫೋನ್‌ನಲ್ಲಿ ಒಂದು ಹೆಸರೂ ಬರಲ್ಲ. ಬಂದ್ರೂ ಯಾವುದೋ ಅಂಗಡಿಯದೋ ಟ್ರಾವೆಲ್ಸ್‌ನದೋ ಆಗಿರುತ್ತೆ.

ಹಾವಿನ ಹೆಸರನ್ನ ಇಷ್ಟು ಪ್ರೀತಿಯಿಂದ ಮಕ್ಕಳಿಗೆ ಇಡೋ ನಾವು ಹದ್ದಿನ ಹೆಸರನ್ನ ಯಾಕೆ ಇಡಲ್ಲ? ಇವತ್ತಿನ ಎಪಿಸೋಡ್ ಈ ಪ್ರಶ್ನೆಯ ಬೆನ್ನು ಹತ್ತಿ ಹೋಗುತ್ತೆ. ದಾರಿಯಲ್ಲಿ ರೋಮ್ ಬರುತ್ತೆ, ಹಳೇಬೀಡು ಬರುತ್ತೆ, ನಮ್ಮ ನೆಲಮಂಗಲ ತಾಲ್ಲೂಕಿನ ಮಣ್ಣೆ, ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಬರುತ್ತೆ. ಒಂದು ಕಾಲದಲ್ಲಿ ಕನ್ನಡ ನಾಡಿನಲ್ಲಿ 'ಗರುಡ' ಅಂತ ಕರೆಸಿಕೊಂಡ ಮನುಷ್ಯರು ನಿಜವಾಗಿಯೂ ಇದ್ದರು. ಆ ಹೆಸರಿಗೆ ಅವರು ಕೊಟ್ಟ ಬೆಲೆ ಕೇಳಿದ್ರೆ, ಮಗುವಿಗೆ ಆ ಹೆಸರಿಡೋಕೆ ಯಾರಾದ್ರೂ ಒಂದ್ಸಲ ಯೋಚನೆ ಮಾಡ್ತಾರೆ.

ಅಕ್ವಿಲಾ ಅಂದ್ರೆ ಏನು

ಮೊದಲು ರೋಮ್. ಲ್ಯಾಟಿನ್ ಭಾಷೆಯಲ್ಲಿ ಹದ್ದಿಗೆ 'ಅಕ್ವಿಲಾ' ಅಂತಾರೆ. ಇಂಗ್ಲಿಷಿನ 'ಈಗಲ್' ಅನ್ನೋ ಪದ ಇದೇ ಅಕ್ವಿಲಾದಿಂದ, ಹಳೆಯ ಫ್ರೆಂಚ್ ಮೂಲಕ ಇಳಿದು ಬಂದದ್ದು. ಇಟಲಿಯಲ್ಲಿ ಲಾಕ್ವಿಲಾ ಅಂತ ಒಂದು ಊರೇ ಇದೆ, 2009ರ ಭೂಕಂಪದಲ್ಲಿ 300ಕ್ಕೂ ಹೆಚ್ಚು ಜನ ತೀರಿಕೊಂಡ ಊರು. ಪಕ್ಷಿಶಾಸ್ತ್ರದಲ್ಲಿ ದೊಡ್ಡ ಹದ್ದುಗಳ ಒಂದು ಕುಲಕ್ಕೆ ಅಕ್ವಿಲಾ ಅಂತಲೇ ಹೆಸರು. ಹೊಸಕೋಟೆ ಕೆರೆ ಮೇಲೆ ಸುತ್ತುವ, ಬಿಳಿ ತಲೆ, ಇಟ್ಟಿಗೆ ಬಣ್ಣದ ಮೈ ಇರೋ ನಮ್ಮ ಗರುಡ ಪಕ್ಷಿ ಆ ಕುಲಕ್ಕೆ ಸೇರಲ್ಲ, ಅದು ಬೇರೆ ಕುಲ. ಆದರೆ ಆಕಾಶದಲ್ಲಿ ಎರಡೂ ಒಂದಾಗಿಬಿಟ್ಟಿವೆ. ರೋಮನ್ನರು ಅಕ್ವಿಲಾ ಅಂತ ಕರೆದ ನಕ್ಷತ್ರಪುಂಜದ ಮೂರು ನಕ್ಷತ್ರಗಳೇ ನಮ್ಮ ಪಂಚಾಂಗದ ಶ್ರವಣ ನಕ್ಷತ್ರ. ಅದರ ದೇವತೆ ಯಾರು ಗೊತ್ತಾ? ವಿಷ್ಣು. ಅಂದ್ರೆ ಅವರು ಹದ್ದನ್ನ ಕಂಡ ಜಾಗದಲ್ಲಿ ನಾವು ಹದ್ದಿನ ಮೇಲೆ ಕೂರೋನನ್ನ ಕಂಡಿದ್ದೀವಿ.

ಒಂದು ಗೊಂದಲ ಇಲ್ಲೇ ಬಿಡಿಸಿಬಿಡೋಣ. ನಿಮ್ಮ ಕ್ಲಾಸಿನ ಅಖಿಲಾಗೂ ಈ ಅಕ್ವಿಲಾಗೂ ಸಂಬಂಧ ಇಲ್ಲ. ಅಖಿಲ ಸಂಸ್ಕೃತ ಪದ, 'ಇಡೀ' ಅಂತ ಅರ್ಥ. ಅಕೀಲ್, ಅಕೀಲಾ ಅರಬ್ಬಿಯಿಂದ ಬಂದವು, ಬುದ್ಧಿವಂತಿಕೆಗೆ ಸಂಬಂಧಿಸಿದ ಹೆಸರುಗಳು. ಕಿವಿಗೆ ಒಂದೇ ತರ ಕೇಳಿಸುತ್ತೆ, ಬೇರು ಮೂರೂ ಬೇರೆ.

ರೋಮ್‌ನಲ್ಲಿ ಅಕ್ವಿಲಾ ಬರೀ ಹಕ್ಕಿ ಆಗಿರಲಿಲ್ಲ. ಕ್ರಿ.ಪೂ. 104ರ ಹೊತ್ತಿಗೆ ಮೇರಿಯಸ್ ಅನ್ನೋ ಸೇನಾಪತಿ ಪ್ರತಿ ಲೀಜನ್‌ಗೂ, ಅಂದ್ರೆ ಸಾವಿರಾರು ಸೈನಿಕರ ಪ್ರತಿ ದಳಕ್ಕೂ, ಹದ್ದನ್ನೇ ಮುಖ್ಯ ಲಾಂಛನ ಮಾಡಿದ. ಉದ್ದನೆಯ ಕೋಲು, ಅದರ ತುದಿಗೆ ಲೋಹದ ಹದ್ದು. ಅದರ ಹೆಸರು ಅಕ್ವಿಲಾ. ಅದನ್ನ ಹೊತ್ತವನು ಅಕ್ವಿಲಿಫರ್. ಯುದ್ಧದಲ್ಲಿ ಸೋತ್ರೂ ಪರವಾಗಿಲ್ಲ, ಹದ್ದು ಶತ್ರುವಿನ ಕೈಗೆ ಸಿಗಬಾರದು. ಕ್ರಿ.ಪೂ. 55ರಲ್ಲಿ ಜೂಲಿಯಸ್ ಸೀಸರ್ ಬ್ರಿಟನ್ ದಡಕ್ಕೆ ಹಡಗು ತಂದಾಗ ಸೈನಿಕರು ನೀರಿಗೆ ಇಳಿಯೋಕೆ ಹಿಂಜರಿದರು. ಆಗ ಹತ್ತನೇ ಲೀಜನ್ನಿನ ಅಕ್ವಿಲಿಫರ್ ಹದ್ದನ್ನ ಹಿಡಿದು ತಾನೇ ಮೊದಲು ಸಮುದ್ರಕ್ಕೆ ಹಾರಿದ. ಹದ್ದು ಶತ್ರುಗಳ ಕಡೆ ಹೋಗ್ತಿರೋದು ನೋಡಿ ಉಳಿದವರೂ ಹಾರಿದರು. ಈ ಕಥೆ ಬರೆದವನು ಸೀಸರ್. ಅವನು ಆ ಸೈನಿಕನ ಹೆಸರನ್ನ ಮಾತ್ರ ಬರೆದಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಕ್ರಿ.ಶ. 9ರಲ್ಲಿ ಜರ್ಮನಿಯ ಟ್ಯೂಟೊಬರ್ಗ್ ಕಾಡಿನಲ್ಲಿ ಮೂರು ಲೀಜನ್‌ಗಳು ನಾಶವಾಗಿ ಮೂರು ಹದ್ದುಗಳು ಕಳೆದುಹೋದವು. ಕೊನೆಯ ಹದ್ದು ವಾಪಸ್ ಸಿಗೋ ಹೊತ್ತಿಗೆ 30 ವರ್ಷ ದಾಟಿತ್ತು. ಲೋಹದ ಒಂದು ಹಕ್ಕಿಗೋಸ್ಕರ ಒಂದು ಸಾಮ್ರಾಜ್ಯ ಅಷ್ಟು ವರ್ಷ ಹುಡುಕಾಡಿತು ಅಂದ್ರೆ, ಆ ಹೆಸರಿನ ಭಾರ ಎಷ್ಟಿರಬೇಕು ಯೋಚನೆ ಮಾಡಿ.

ಎದ್ದು ನಿಲ್ಲದ ಅಕ್ವಿಲಾ

ಅಕ್ವಿಲಾ ಮನುಷ್ಯರ ಹೆಸರೂ ಆಗಿತ್ತು. ವ್ಯಾಕರಣದಲ್ಲಿ ಇದು ಸ್ತ್ರೀಲಿಂಗ, ಆದರೆ ಗಂಡಸರೂ ಇಟ್ಟುಕೊಳ್ಳುತ್ತಿದ್ದರು. ಅಂಥ ಇಬ್ಬರ ಕಥೆ ಹೇಳ್ತೀನಿ. ಒಬ್ಬನದು ಈಗ, ಇನ್ನೊಬ್ಬನದು ಆಮೇಲೆ.

ಮೊದಲನೆಯವನು ಪಾಂಟಿಯಸ್ ಅಕ್ವಿಲಾ. ಕ್ರಿ.ಪೂ. 45ರಲ್ಲಿ ರೋಮ್‌ನ ಟ್ರಿಬ್ಯೂನ್, ಅಂದ್ರೆ ಸಾಮಾನ್ಯ ಜನರ ಪರವಾಗಿ ಆಯ್ಕೆಯಾದ ಅಧಿಕಾರಿ. ಸೀಸರ್ ಯುದ್ಧ ಗೆದ್ದು ರಥದಲ್ಲಿ ವಿಜಯಯಾತ್ರೆ ಮಾಡ್ತಾ ಟ್ರಿಬ್ಯೂನರ ಬೆಂಚಿನ ಮುಂದೆ ಬಂದ. ಎಲ್ಲರೂ ಎದ್ದು ನಿಂತರು. ಅಕ್ವಿಲಾ ಒಬ್ಬ ಕೂತೇ ಇದ್ದ. ಸೀಸರ್‌ಗೆ ಎಷ್ಟು ಉರಿದು ಹೋಯ್ತು ಅಂದ್ರೆ, ಆಮೇಲೆ ಎಷ್ಟೋ ದಿನ ಯಾರಿಗೆ ಏನು ಮಾತು ಕೊಟ್ಟರೂ 'ಪಾಂಟಿಯಸ್ ಅಕ್ವಿಲಾ ಒಪ್ಪಿದ್ರೆ' ಅಂತ ವ್ಯಂಗ್ಯವಾಗಿ ಸೇರಿಸ್ತಿದ್ದನಂತೆ. ಇದನ್ನ ಬರೆದಿಟ್ಟವನು ರೋಮನ್ ಇತಿಹಾಸಕಾರ ಸುಯೆಟೋನಿಯಸ್. ಮುಂದಿನ ವರ್ಷ, ಕ್ರಿ.ಪೂ. 44ರ ಮಾರ್ಚ್‌ನಲ್ಲಿ ಸೀಸರ್‌ನನ್ನು ಕೊಂದವರ ಗುಂಪಿನಲ್ಲಿ ಈ ಅಕ್ವಿಲಾನೂ ಇದ್ದ. ಕ್ರಿ.ಪೂ. 43ರಲ್ಲಿ ಮುಟಿನಾ ಯುದ್ಧದಲ್ಲಿ ಅವನೂ ಸತ್ತ.

ಕೊಲೆ ಮಾಡಿದವನನ್ನ ಹೀರೋ ಮಾಡೋದು ನನ್ನ ಉದ್ದೇಶ ಅಲ್ಲ. ಸೀಸರ್‌ನನ್ನ ಕೊಂದಿದ್ದರಿಂದ ರೋಮ್‌ಗೆ ಗಣರಾಜ್ಯ ವಾಪಸ್ ಬರಲಿಲ್ಲ, ಮತ್ತಷ್ಟು ಅಂತರ್ಯುದ್ಧ ಬಂತು. ನಾನು ತೋರಿಸಬೇಕು ಅಂದುಕೊಂಡಿದ್ದು ಆ ಕೂತಿದ್ದ ಗಳಿಗೆಯನ್ನ. ಹದ್ದಿನ ಹೆಸರಿದ್ದ ಒಬ್ಬ ಮನುಷ್ಯ, ತನಗಿಂತ ಬಹಳ ದೊಡ್ಡವನ ಎದುರು, ಎದ್ದು ನಿಲ್ಲಲಿಲ್ಲ. ಈಗ ನಮ್ಮ ನಾಡಿಗೆ ಬನ್ನಿ. ಇಲ್ಲಿ ಹದ್ದಿನ ಹೆಸರಿದ್ದವರು ಏನು ಮಾಡಿದರು ನೋಡೋಣ.

ಹಳೇಬೀಡಿನ ಕಂಬ

ಹಳೇಬೀಡಿಗೆ ಟ್ರಿಪ್ ಹೋಗದವರು ಕಮ್ಮಿ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಸೇರಿ ಯುನೆಸ್ಕೋ ಪಟ್ಟಿಗೆ ಬಂದ ಮೇಲಂತೂ ರೀಲ್ಸ್‌ಗೆ ಬರಗಾಲವೇ ಇಲ್ಲ. ಆದರೆ ಹೊಯ್ಸಳೇಶ್ವರ ದೇವಸ್ಥಾನದ ದಕ್ಷಿಣಕ್ಕೆ ನಿಂತಿರೋ ಒಂದು ಕಂಬದ ಮುಂದೆ ಹೆಚ್ಚು ಜನ ನಿಲ್ಲಲ್ಲ. ಹತ್ತಿರ ಹೋಗಿ ನೋಡಿದ್ರೆ ಕಂಬದ ಸುತ್ತ ಕೈಯಲ್ಲಿ ಕತ್ತಿ ಹಿಡಿದ ಗಂಡಸರ ಚಿಕ್ಕ ಚಿಕ್ಕ ಶಿಲ್ಪಗಳಿವೆ. ಅವರ ಎದುರು ಶತ್ರು ಇಲ್ಲ. ಕತ್ತಿ ಅವರವರ ಮೈ ಮೇಲೇ ಇದೆ.

ಅದು ಗರುಡಗಂಬ. ಅದರ ಶಾಸನ ಹೇಳೋದು ಕುವರ ಲಕ್ಷ್ಮ ಅನ್ನೋ ದಂಡನಾಯಕನ ಕಥೆ. ಅವನು 1173ರಿಂದ 1220ರವರೆಗೆ ಆಳಿದ ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಮಂತ್ರಿ, ಸೇನಾಪತಿ. ಶಾಸನ ಅವನನ್ನ ದೊರೆಗೆ ಮಗನ ಸಮಾನ ಅನ್ನೋ ಹಾಗೆ ಹೊಗಳುತ್ತೆ. ರಾಜನ ಜೊತೆ ಬದುಕ್ತೀನಿ, ರಾಜನ ಜೊತೆ ಸಾಯ್ತೀನಿ ಅಂತ ಅವನ ಪಣ. ಅದರ ಗುರುತಾಗಿ ಎಡಗಾಲಿಗೆ ಕಡಗ. ಅವನ ಹೆಂಡತಿ ಸುಗ್ಗಲದೇವಿ. ಅವನ ಕೈ ಕೆಳಗೆ ಇದೇ ಪಣ ತೊಟ್ಟ ಸಾವಿರ ವೀರರು. ಬಲ್ಲಾಳ ತೀರಿಕೊಂಡ. ಲಕ್ಷ್ಮ, ಸುಗ್ಗಲದೇವಿ, ಆ ಸಾವಿರ ಜನ ಎಲ್ಲರೂ ಪ್ರಾಣ ಬಿಟ್ಟರು.

ಇವರೇ ಗರುಡರು. ವಿಷ್ಣುವನ್ನ ಬಿಟ್ಟು ಗರುಡ ಇಲ್ಲ, ಹಾಗೆ ರಾಜನನ್ನ ಬಿಟ್ಟು ನಾವಿಲ್ಲ ಅನ್ನೋದು ಆ ಹೆಸರಿನ ಅರ್ಥ. ರೋಮ್‌ನಲ್ಲಿ ಹದ್ದು ಕೋಲಿನ ಮೇಲಿತ್ತು, ಮನುಷ್ಯ ಅದನ್ನ ಹೊತ್ತ. ಇಲ್ಲಿ ಮನುಷ್ಯನೇ ಹದ್ದಾಗಿ ರಾಜನನ್ನ ಹೊತ್ತ.

ಇದು ಒಬ್ಬ ಲಕ್ಷ್ಮನ ಹುಚ್ಚು ಅಂದುಕೊಳ್ಳಬೇಡಿ. ಮಂಡ್ಯ ಜಿಲ್ಲೆ ಕೆ.ಆರ್. ಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಗೆ ಹೋದ್ರೆ ಅಲ್ಲೂ ಗರುಡಗಂಬಗಳಿವೆ, ಕಂಬದ ತುದಿಯಲ್ಲಿ ಆನೆ. ಅಲ್ಲಿನ ಶಾಸನ ಒಂದೇ ಮನೆತನದ ಲೆಕ್ಕ ಕೊಡುತ್ತೆ. ತಲೆಮಾರಿನ ಮೇಲೆ ತಲೆಮಾರು, ಒಬ್ಬ ಹೊಯ್ಸಳ ರಾಜ ಸತ್ತಾಗ ಆ ಮನೆಯ ಒಬ್ಬ ಗರುಡನಾಗಿ ಸಾಯ್ತಾನೆ. ಮುಂದಿನ ರಾಜ ಸತ್ತಾಗ ಅವನ ಮಗ. ಜೊತೆಗೆ ಹೆಂಡತಿಯರು, ಮನೆಯ ಆಳುಗಳು. ಅಪ್ಪನಿಂದ ಮಗನಿಗೆ ಜಮೀನು ಬರೋ ಹಾಗೆ ಸಾವು ಬರ್ತಿತ್ತು.

ಅನ್ನದ ಋಣ

ಯಾಕೆ ಹೀಗೆ ಮಾಡ್ತಿದ್ರು? ಶಾಸನಗಳಲ್ಲಿ ಮೂರು ಪದ ಮತ್ತೆ ಮತ್ತೆ ಬರುತ್ತವೆ. ಜೋಳವಾಳಿ, ಲೆಂಕವಾಳಿ, ವೇಳೆವಾಳಿ. ಜೋಳವಾಳಿ ಅಂದ್ರೆ ಉಂಡ ಜೋಳದ ಋಣ ತೀರಿಸೋದು. ಲೆಂಕ ಅಂದ್ರೆ ಸೇವಕ, ಲೆಂಕವಾಳಿ ಅಂದ್ರೆ ಸೇವಕನಾಗಿ ಒಪ್ಪಿಕೊಂಡ ಕರ್ತವ್ಯ. ವೇಳೆವಾಳಿ ಅಂದ್ರೆ ಆ 'ವೇಳೆ' ಬಂದಾಗ ಪ್ರಾಣ ಕೊಡ್ತೀನಿ ಅನ್ನೋ ಪ್ರತಿಜ್ಞೆ. ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' ಓದಿದ್ರೆ ಈ ಲೋಕ ಪೂರ್ತಿ ತೆರೆದುಕೊಳ್ಳುತ್ತೆ. ಷ. ಶೆಟ್ಟರ್ ಅವರಂತೂ ಕರ್ನಾಟಕದಲ್ಲಿ ಜನ ಸಾವನ್ನ ತಾವಾಗೇ ಬರಮಾಡಿಕೊಂಡ ರೀತಿಗಳ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದವರು.

ನಾನು ಓದಿದ್ದು ಬಿ.ಕಾಂ. ಹಾಗಾಗಿ ಜೋಳವಾಳಿ ಅನ್ನೋ ಪದ ನೋಡಿದ್ರೆ ನನ್ನ ಕಣ್ಣಿಗೆ ಕಾಣೋದು ಲೆಡ್ಜರ್. ಕೆಲಸ ಮಾಡಿದ್ವಿ, ಸಂಬಳ ಬಂತು, ತಿಂಗಳ ಕೊನೆಗೆ ಲೆಕ್ಕ ಚುಕ್ತಾ. ಮಾಲೀಕ ನಮಗೆ ಸಾಲಗಾರ ಅಲ್ಲ, ನಾವು ಅವನಿಗೆ ಅಲ್ಲ. ಜೋಳವಾಳಿಯಲ್ಲಿ ಹಾಗಿಲ್ಲ. ಪ್ರತಿ ಊಟವೂ ಸಾಲದ ಪಟ್ಟಿಗೇ ಸೇರುತ್ತೆ, ನೀವು ಮಾಡಿದ ಕೆಲಸ ಮಾತ್ರ ಜಮಾ ಆಗೋದೇ ಇಲ್ಲ. ಆ ಖಾತೆ ಕ್ಲೋಸ್ ಆಗೋದು ಒಂದೇ ರೀತಿಯಲ್ಲಿ.

ಇದರಲ್ಲಿ ಇನ್ನೊಂದು ಲೆಕ್ಕವೂ ಇತ್ತು. ವೀರ ಸತ್ತರೆ ಅವನ ಮನೆಯವರಿಗೆ ಭೂಮಿ ಸಿಗ್ತಿತ್ತು. ನೆತ್ತರುಗೊಡಗೆ, ಕಲ್ನಾಡು, ಬಾಳ್ಗಚ್ಚು ಅಂತೆಲ್ಲ ಆ ದಾನಗಳಿಗೆ ಹೆಸರು. ನೆತ್ತರುಗೊಡಗೆ ಅನ್ನೋ ಪದವನ್ನೇ ನೋಡಿ, ರಕ್ತಕ್ಕೆ ಕೊಟ್ಟ ಕೊಡುಗೆ. ಸ್ವಾಮಿಭಕ್ತಿ ನಿಜ, ಅದರ ಹಿಂದೆ ಹೆಂಡತಿ ಮಕ್ಕಳ ಅನ್ನದ ಚಿಂತೆಯೂ ಇತ್ತು. ಎರಡನ್ನೂ ಒಟ್ಟಿಗೆ ನೋಡದೇ ಇದ್ರೆ ನಮಗೆ ಕಾಣೋದು ಸಿನಿಮಾ, ಇತಿಹಾಸ ಅಲ್ಲ.

ನಮ್ಮ ಬೆಂಗಳೂರು ಗ್ರಾಮಾಂತರಕ್ಕೂ ಇದಕ್ಕೂ ಏನು ಸಂಬಂಧ ಅಂತ ಕೇಳಬಹುದು. ನೆಲಮಂಗಲ ತಾಲ್ಲೂಕಿನ ಮಣ್ಣೆ ಗೊತ್ತಲ್ಲ? ಇವತ್ತು ಅದೊಂದು ಹಳ್ಳಿ. 8ನೇ ಶತಮಾನದಲ್ಲಿ ಅದು ಮಾನ್ಯಪುರ, ಗಂಗರ ರಾಜಧಾನಿ. ಹೊಯ್ಸಳರಿಗಿಂತ ಎಷ್ಟೋ ಮುಂಚೆ, ಇದೇ ಗಂಗರ ಕಾಲದಲ್ಲಿ 'ಕೀಳ್ಗುಂಟೆ' ಅನ್ನೋ ಪದ್ಧತಿ ಇತ್ತು. ಒಡೆಯನ ಕೆಳಗೆ ಗುಂಟೆಯಲ್ಲಿ ಸೇರೋದು, ಅಂದ್ರೆ ಒಡೆಯ ಸತ್ತಾಗ ಅವನ ಜೊತೆ ಸಮಾಧಿಯಾಗೋದು. ಸುಮಾರು 870ರ ದೊಡ್ಡಹುಂಡಿ ಕಲ್ಲು ಇದಕ್ಕೆ ಪ್ರಸಿದ್ಧ ಸಾಕ್ಷಿ. ದೊಡ್ಡಹುಂಡಿ ಇರೋದು ತಿ. ನರಸೀಪುರ ತಾಲ್ಲೂಕಿನಲ್ಲಿ. ಗಂಗ ರಾಜ ನೀತಿಮಾರ್ಗ ಸಾಯ್ತಾ ಮಲಗಿದ್ದಾನೆ, ಪಕ್ಕದಲ್ಲಿ ಅವನ ಸೇವಕ ಅಗರಯ್ಯ. ರಾಜನಿಗೆ ಕೀಳ್ಗುಂಟೆಯಾದವನು ಆ ಅಗರಯ್ಯನೇ. ಅಂದ್ರೆ ಗರುಡ ಅನ್ನೋ ಹೆಸರು ಬರೋ ಮುಂಚೆಯೇ ಆ ಕೆಲಸ ಇತ್ತು. ಹೊಯ್ಸಳರ ಕಾಲ ಅದಕ್ಕೆ ದೇವರ ಹಕ್ಕಿಯ ಹೆಸರು ಕೊಟ್ಟು ದೊಡ್ಡದು ಮಾಡಿತು. ಒಂದು ಒಳ್ಳೆ ಹೆಸರು ಎಂಥ ಕೆಲಸ ಮಾಡುತ್ತೆ ನೋಡಿ. 'ರಾಜ ಸತ್ತರೆ ನೀನೂ ಸಾಯಬೇಕು' ಅಂದ್ರೆ ಯಾರಾದ್ರೂ ಹೆದರ್ತಾರೆ. 'ನೀನು ಗರುಡ' ಅಂದ್ರೆ ಎದೆ ಉಬ್ಬುತ್ತೆ.

ಹೆಸರು ಉಳಿದಿದ್ದು ಯಾರದ್ದು

ಈಗ ಸೀಸರ್ ಹೆಸರು ಬರೆಯದೇ ಬಿಟ್ಟ ಆ ಸೈನಿಕನನ್ನ ನೆನಪು ಮಾಡ್ಕೊಳ್ಳಿ. ಹಳೇಬೀಡಿನ ಕಂಬದಲ್ಲೂ ಹಾಗೇ. ಲಕ್ಷ್ಮನ ಹೆಸರಿದೆ, ಸುಗ್ಗಲದೇವಿಯ ಹೆಸರಿದೆ. ಸಾವಿರ ಜನ? ಸಾವಿರ ಅನ್ನೋ ಸಂಖ್ಯೆ ಇದೆ ಅಷ್ಟೆ. ಅದು ಎಣಿಸಿದ ಸಾವಿರವೋ, ತುಂಬಾ ಜನ ಅನ್ನೋಕೆ ಕವಿ ಹೇಳಿದ ಸಾವಿರವೋ, ಹೇಗಾದ್ರೂ ಇರಲಿ. ಅವರು ಯಾವ ಊರಿನವರು, ಅವರ ಮಕ್ಕಳಿಗೆ ಎಷ್ಟು ವಯಸ್ಸು, ಒಬ್ಬನಿಗಾದ್ರೂ ಬೇಡ ಅನ್ನಿಸಿತ್ತಾ, ಕಲ್ಲು ಹೇಳಲ್ಲ.

ಇದರ ಪಕ್ಕಕ್ಕೆ ಇನ್ನೊಂದು ಕಲ್ಲು ಇಡ್ತೀನಿ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ, 949-50ರ ಶಾಸನ. ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಅದರಲ್ಲಿ ಕಾಳಿ ಅನ್ನೋ ಬೇಟೆನಾಯಿ ಕಾಡುಹಂದಿ ಜೊತೆ ಹೋರಾಡಿ ಸಾಯುತ್ತೆ. ಅದರ ಒಡೆಯ ಮಣಲೆರ ಆ ನಾಯಿ ನೆನಪಿಗೆ ಕಲ್ಲು ನಿಲ್ಲಿಸಿದ, ಹೆಸರು ಬರೆಸಿದ. ಸಾವಿರ ವರ್ಷ ಆದ್ಮೇಲೂ ನಮಗೆ ಕಾಳಿ ಹೆಸರು ಗೊತ್ತು. ನಾಯಿಗೆ ಸಿಕ್ಕಿದ್ದು ಸರಿಯಾಗೇ ಇದೆ, ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ರಾಜನಿಗಾಗಿ ಸತ್ತ ಸಾವಿರ ಮನುಷ್ಯರಿಗೆ ಅಷ್ಟೂ ಸಿಗಲಿಲ್ಲ.

ಇನ್ನೊಬ್ಬ ಅಕ್ವಿಲಾನ ಕಥೆ ಹೇಳ್ತೀನಿ ಅಂದಿದ್ನಲ್ಲ, ಅವನು ಬರೋದು ಇಲ್ಲಿ. ಕನ್ನಡ ಬೈಬಲ್ ಓದಿದವರಿಗೆ ಅವನು ಗೊತ್ತು, ಅಕ್ವಿಲ. ಯುದ್ಧ ಮಾಡಿದವನಲ್ಲ, ಡೇರೆ ಹೊಲಿಯೋ ಕಸುಬಿನವನು. ಚಕ್ರವರ್ತಿ ಕ್ಲಾಡಿಯಸ್ ಯೆಹೂದ್ಯರನ್ನ ರೋಮ್‌ನಿಂದ ಹೊರಗೆ ಹಾಕಿದಾಗ ಹೆಂಡತಿ ಪ್ರಿಸ್ಕಿಲ್ಲಳ ಜೊತೆ ಗ್ರೀಸ್‌ನ ಕೊರಿಂಥಕ್ಕೆ ಬಂದ. ಅದೇ ಕಸುಬಿನ ಸಂತ ಪೌಲನಿಗೆ ಮನೆಯಲ್ಲಿ ಜಾಗ ಕೊಟ್ಟ, ಜೊತೆಯಲ್ಲಿ ಕೆಲಸ ಮಾಡಿದ. ಹೊಸ ಒಡಂಬಡಿಕೆಯಲ್ಲಿ ಈ ದಂಪತಿಯ ಹೆಸರು 6 ಸಲ ಬರುತ್ತೆ, ಅದರಲ್ಲಿ 4 ಸಲ ಹೆಂಡತಿಯ ಹೆಸರೇ ಮೊದಲು. ಒಡೆಯ ಓಡಿಸಿದ ಮೇಲೂ ಈ ಅಕ್ವಿಲ ಸಾಯಲಿಲ್ಲ. ಊರು ಬದಲಾಯಿಸಿದ, ಸೂಜಿ ದಾರ ಹಿಡಿದ, ಬದುಕಿದ. ಮೂವರು ಹದ್ದುಗಳಲ್ಲಿ ನನಗೆ ಇಷ್ಟ ಆದವನು ಇವನೇ.

ಗರುಡನ ಅರ್ಧ ಕಥೆ

ಸರಿ, ಗರುಡನ ಸ್ವಂತ ಕಥೆ ಏನು? ಮಹಾಭಾರತದ ಆದಿಪರ್ವದಲ್ಲಿ ಅದು ಬರುತ್ತೆ. ಕದ್ರು ಮತ್ತು ವಿನತೆ ಸವತಿಯರು, ಅಕ್ಕತಂಗಿಯರೂ ಹೌದು. ಕದ್ರುವಿನ ಮಕ್ಕಳು ಹಾವುಗಳು. ಒಂದು ಕುದುರೆಯ ಬಾಲದ ಬಣ್ಣದ ಮೇಲೆ ಪಂದ್ಯ ಕಟ್ಟಿ, ಮೋಸಕ್ಕೆ ಸೋತು, ವಿನತೆ ಕದ್ರುವಿನ ದಾಸಿಯಾಗ್ತಾಳೆ. ವಿನತೆಯ ಮಗ ಗರುಡ. ಅಮ್ಮನನ್ನ ಬಿಡಬೇಕಾದ್ರೆ ಅಮೃತ ತಂದುಕೊಡು ಅಂತ ಹಾವುಗಳು ಕೇಳ್ತವೆ. ಅವನು ದೇವತೆಗಳ ಜೊತೆ ಹೊಡೆದಾಡಿ ಅಮೃತ ತರ್ತಾನೆ, ಅಮ್ಮನನ್ನ ಬಿಡಿಸ್ತಾನೆ. ಕೈಯಲ್ಲಿ ಅಮೃತ ಇದ್ದರೂ ಒಂದು ಹನಿ ಕುಡಿಯಲ್ಲ. ಅದನ್ನ ಮೆಚ್ಚಿ ವಿಷ್ಣು ವರ ಕೇಳು ಅಂತಾನೆ. ನಿನಗಿಂತ ಮೇಲೆ ಇರಬೇಕು ಅಂತ ಗರುಡ ಕೇಳ್ತಾನೆ. ಆಮೇಲೆ ತಾನೂ ವಿಷ್ಣುವಿಗೆ ಒಂದು ವರ ಕೊಡ್ತೀನಿ ಅಂತಾನೆ. ವಿಷ್ಣು ವಾಹನ ಆಗು ಅಂತಾನೆ. ಅದಕ್ಕೇ ಅವನು ವಿಷ್ಣುವಿನ ಬಾವುಟದಲ್ಲಿ ಮೇಲೆ, ವಾಹನವಾಗಿ ಕೆಳಗೆ.

ಈ ಕಥೆಯಲ್ಲಿ ಎರಡು ಅರ್ಧ ಇದೆ. ಮೊದಲ ಅರ್ಧ ದಾಸ್ಯದಿಂದ ಬಿಡುಗಡೆ. ಎರಡನೇ ಅರ್ಧ ಸೇವೆ, ಅದೂ ಇಬ್ಬರೂ ಮಾತಾಡಿಕೊಂಡು, ವರ ಕೊಟ್ಟು ವರ ತಗೊಂಡು ಒಪ್ಪಿದ ಸೇವೆ. ರಾಜರ ಕಾಲ ಮೊದಲ ಅರ್ಧವನ್ನ ಬಿಟ್ಟುಬಿಟ್ಟಿತು. ಅಮ್ಮನನ್ನ ದಾಸ್ಯದಿಂದ ಬಿಡಿಸಿದ ಹಕ್ಕಿಯ ಹೆಸರನ್ನ, ಹೆಂಡತಿಯ ಸಮೇತ ರಾಜನ ಹಿಂದೆ ಹೋಗೋ ಮನುಷ್ಯನಿಗೆ ಇಟ್ಟಿತು.

ಈಗ ಘಾಟಿಗೆ ಬನ್ನಿ. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯ. ಪುಷ್ಯ ಮಾಸದ ಷಷ್ಠಿಗೆ ರಥೋತ್ಸವ, ಅದೇ ಸುಮಾರಿಗೆ ದನಗಳ ಜಾತ್ರೆ. ಅಲ್ಲಿ ಒಂದು ವಿಶೇಷ ಇದೆ. ಪೂರ್ವಕ್ಕೆ ಮುಖ ಮಾಡಿದ ಸುಬ್ರಹ್ಮಣ್ಯ, ಹಿಂದೆ ಪಶ್ಚಿಮಕ್ಕೆ ಮುಖ ಮಾಡಿದ ನರಸಿಂಹ. ಎರಡೂ ಕಾಣಲಿ ಅಂತ ಹಿಂದೆ ಕನ್ನಡಿ ಇಟ್ಟಿದ್ದಾರೆ. ಯಾಕೆ ಇಬ್ಬರೂ ಒಟ್ಟಿಗೆ? ಸ್ಥಳಪುರಾಣ ಹೇಳೋದು ಹೀಗೆ: ಗರುಡನ ಕಾಟ ತಾಳಲಾರದ ಸರ್ಪಗಳನ್ನ ಉಳಿಸೋಕೆ ಸುಬ್ರಹ್ಮಣ್ಯ ನರಸಿಂಹನನ್ನ ಪ್ರಾರ್ಥಿಸಿದ. ಗರುಡನ ಒಡೆಯನೇ ಬಂದು ಗರುಡನನ್ನ ತಡೆದ.

ಅಂದ್ರೆ ಹಳೇಬೀಡಿನಲ್ಲಿ ಕಥೆ ಹೇಳೋದು ಹದ್ದಿನ ಕಡೆಯಿಂದ, ಘಾಟಿಯಲ್ಲಿ ಹಾವಿನ ಕಡೆಯಿಂದ. ಅಲ್ಲಿ ಒಡೆಯನಿಗಾಗಿ ಸಾಯೋದು ದೊಡ್ಡದು, ಇಲ್ಲಿ ಒಡೆಯ 'ಸಾಕು, ಬಿಡು' ಅನ್ನೋದು ದೊಡ್ಡದು. ಮಕ್ಕಳಾಗಲಿ ಅಂತ ಹರಕೆ ಹೊತ್ತವರು ಘಾಟಿಯಲ್ಲಿ ನಾಗರಕಲ್ಲು ಪ್ರತಿಷ್ಠೆ ಮಾಡ್ತಾರೆ. ಮಗು ಹುಟ್ಟಿದ್ರೆ ನಾಗರಾಜ ಅಂತಲೋ ಸುಬ್ರಹ್ಮಣ್ಯ ಅಂತಲೋ ಹೆಸರು. ನಿಮ್ಮ ಕಾಂಟ್ಯಾಕ್ಟ್ಸ್‌ನ ಆ ಉದ್ದನೆಯ ಸಾಲಿಗೆ ಕಾರಣ ಹುಡುಕಿದ್ರೆ ನನಗೆ ಹೊಳೆಯೋದು ಇದು: ನಮ್ಮ ಜನ ಮಗುವಿಗೆ ಹೆಸರಿಡುವಾಗ ಬೇಟೆಯಾಡೋನ ಕಡೆ ನೋಡಲಿಲ್ಲ, ಉಳಿದುಕೊಂಡವರ ಕಡೆ ನೋಡಿದರು.

ಗರುಡನ ಹೆಸರು ಪೂರ್ತಿ ಮಾಯ ಆಗಿಲ್ಲ, ನಿಜ. ಹೊಸಕೋಟೆ ದಿಕ್ಕಿಗೆ ಹೋಗೋ ನೇರಳೆ ಮಾರ್ಗದ ಮೆಟ್ರೋದಲ್ಲಿ ಗರುಡಾಚಾರ್‌ಪಾಳ್ಯ ಅಂತ ಸ್ಟೇಷನ್ ಇದೆ. ವಿಷ್ಣು ದೇವಸ್ಥಾನದ ಮುಂದೆ ಗರುಡಗಂಬ ಇದೆ. ಶಂಖ ಜಾಗಟೆ ಜೊತೆ ಮನೆ ಮುಂದೆ ಬರ್ತಿದ್ದ ದಾಸಯ್ಯನ ಕೈಯಲ್ಲಿ ಉರಿಯೋ ದೀಪಕ್ಕೂ ಗರುಡಗಂಬ ಅಂತಲೇ ಹೆಸರು. ಸಾವಿನ ಕಂಬಕ್ಕೂ ಬೆಳಕಿನ ಕಂಬಕ್ಕೂ ಒಂದೇ ಹೆಸರು, ಕೇಳೋಕೆ ವಿಚಿತ್ರ. 2004ರಲ್ಲಿ ಭಾರತೀಯ ವಾಯುಪಡೆ ತನ್ನ ಕಮಾಂಡೋ ಪಡೆಗೆ ಗರುಡ ಅಂತ ಹೆಸರಿಟ್ಟಿತು. ಅವರೂ ಪ್ರಾಣ ಒತ್ತೆ ಇಡ್ತಾರೆ, ಆದರೆ ಒಬ್ಬ ದೊರೆ ಸತ್ತ ಅಂತ ಅಲ್ಲ, ಬೇರೆಯವರು ಬದುಕಲಿ ಅಂತ. ಆ ವ್ಯತ್ಯಾಸ ಚಿಕ್ಕದಲ್ಲ.

ಇವತ್ತಿನ ಗರುಡರು

ಇದೆಲ್ಲ 800 ವರ್ಷದ ಹಿಂದಿನ ಮಾತು ಅಂತ ಎದ್ದು ಹೋಗಬೇಡಿ. ಒಬ್ಬ ನಾಯಕನೋ ನಟನೋ ತೀರಿಕೊಂಡಾಗ ಅಭಿಮಾನಿಗಳು ಪ್ರಾಣ ಕಳ್ಕೊಂಡ ಸುದ್ದಿ ನಮ್ಮ ಕಾಲದಲ್ಲೂ ಓದಿದ್ದೀವಿ. 2006ರ ಏಪ್ರಿಲ್‌ನಲ್ಲಿ ಡಾ. ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನಲ್ಲಿ ಗಲಭೆಯಾಗಿ ಜೀವಗಳು ಹೋದವು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದಾಗಲೂ ಅಂಥ ಸುದ್ದಿಗಳು ಬಂದವು. ಸತ್ತವರಲ್ಲಿ ನಮ್ಮ ವಯಸ್ಸಿನ ಆಸುಪಾಸಿನವರೂ ಇದ್ದರು. ಅವರ ಹೆಸರುಗಳು ಎಷ್ಟು ಜನಕ್ಕೆ ನೆನಪಿದೆ? ಹಳೇಬೀಡಿನ ಕಂಬದ ಸಾವಿರದ ಲೆಕ್ಕಕ್ಕೆ ಅವರೂ ಸೇರಿಕೊಂಡರು ಅಷ್ಟೆ.

ಆದರೆ ಅದೇ 2021ರಲ್ಲಿ ಇನ್ನೊಂದು ನಡೀತು. ಅಪ್ಪು ಕಣ್ಣುಗಳನ್ನ ದಾನ ಮಾಡಿದರು. 2006ರಲ್ಲಿ ಅವರ ತಂದೆಯ ಕಣ್ಣುಗಳೂ ದಾನವಾಗಿದ್ದವು. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಅಪ್ಪು ಅವರ ಎರಡು ಕಾರ್ನಿಯಾಗಳನ್ನ ಪದರ ಪದರವಾಗಿ ಬಿಡಿಸಿ 4 ಜನಕ್ಕೆ ದೃಷ್ಟಿ ಕೊಟ್ಟರು. ಆಮೇಲೆ ಏನಾಯ್ತು ನಿಮಗೆ ಗೊತ್ತು. ಊರೂರಲ್ಲಿ ನೇತ್ರದಾನಕ್ಕೆ ಹೆಸರು ಬರೆಸೋಕೆ ಜನ ಕ್ಯೂ ನಿಂತರು. ನೆಚ್ಚಿನ ಮನುಷ್ಯ ಹೋದ, ಅವನ ಹಿಂದೆ ಹೋಗೋದು ಹೇಗೆ ಅಂತ ಸಾವಿರಾರು ಜನ ಕೇಳಿಕೊಂಡರು. ಉತ್ತರ ಕತ್ತಿಯಲ್ಲಿ ಸಿಗಲಿಲ್ಲ, ಒಂದು ಅರ್ಜಿ ನಮೂನೆಯಲ್ಲಿ ಸಿಕ್ಕಿತು. ಋಣ ತೀರಿಸೋ ಆಸೆ ಜೋಳವಾಳಿ ಕಾಲದ್ದೇ. ತೀರಿಸೋ ದಾರಿ ಬದಲಾಯ್ತು.

ನನ್ನ ಮಾತು ಇಷ್ಟೇ. ನಿಷ್ಠೆ ಕೆಟ್ಟದ್ದಲ್ಲ. ಕುವರ ಲಕ್ಷ್ಮನನ್ನ ನಾನು ಗೇಲಿ ಮಾಡಲ್ಲ, ಅವನ ಕಾಲದ ಲೋಕದಲ್ಲಿ ಅವನಿಗೆ ಗೊತ್ತಿದ್ದ ಅತಿ ದೊಡ್ಡ ಕೆಲಸವನ್ನ ಅವನು ಮಾಡಿದ. ಆದರೆ ಯಾರಾದ್ರೂ ನಿಮಗೆ ಒಂದು ದೊಡ್ಡ ಹೆಸರು ಕೊಟ್ಟು ಎದೆ ತಟ್ಟಿದ್ರೆ, ಅದು ಪಕ್ಷ ಇರಲಿ, ಫ್ಯಾನ್ ಕ್ಲಬ್ ಇರಲಿ, 'ನಾವೆಲ್ಲ ಒಂದು ಫ್ಯಾಮಿಲಿ' ಅನ್ನೋ ಕಂಪನಿ ಇರಲಿ, ಒಂದು ಪ್ರಶ್ನೆ ಕೇಳಿ. ಈ ಹೆಸರಿನ ಜೊತೆ ಬರೋ ಲೆಕ್ಕ ಏನು? ನಾನು ಹೋದ್ಮೇಲೆ ಕಲ್ಲಿನ ಮೇಲೆ ಯಾರ ಹೆಸರು ಬರುತ್ತೆ? ಪಾಂಟಿಯಸ್ ಅಕ್ವಿಲಾನ ತರ ಕತ್ತಿ ಹಿಡಿಯೋದು ಬೇಡ. ಬೇಕಾದಾಗ ಕೂತಲ್ಲೇ ಕೂತಿರೋ ಧೈರ್ಯ ಇದ್ರೆ ಸಾಕು. ಡೇರೆ ಹೊಲಿಯೋ ಅಕ್ವಿಲನ ತರ ಇನ್ನೊಂದು ಊರಲ್ಲಿ ಮತ್ತೆ ಶುರು ಮಾಡೋ ಧೈರ್ಯ ಇದ್ರೆ ಇನ್ನೂ ಒಳ್ಳೇದು.

ಈ ಎಪಿಸೋಡ್‌ನಲ್ಲಿ ಸಾವಿನ ಮಾತು ಜಾಸ್ತಿ ಬಂತು. ಕೇಳ್ತಿರೋರಲ್ಲಿ ಯಾರಿಗಾದ್ರೂ ಮನಸ್ಸು ಭಾರ ಇದ್ರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮುಂದಿನ ಸಲ ಹಳೇಬೀಡಿಗೆ ಹೋದ್ರೆ ಆ ಕಂಬದ ಮುಂದೆ ಎರಡು ನಿಮಿಷ ನಿಲ್ಲಿ, ಹೆಸರಿಲ್ಲದ ಆ ಮುಖಗಳನ್ನ ಒಂದೊಂದಾಗಿ ನೋಡಿ. ಮತ್ತೆ ಸಿಗೋಣ.